ಮದುಮಗಳ ಕಡೆಯವರು

ನಮ್ಮ ದೊಡ್ಡಬಳ್ಳಾಪುರದ ಕಡೆ ‘ನಾಟಕಕ್ಕೆ ಹೊರಟಿದ್ದೀನಿ’ ಅಂತ ಯಾರಿಗಾದರೂ ಹೇಳಿ ನೋಡಿ. ‘ಯಾವ ನಾಟಕ?’ ಅಂತ ಕೇಳುವವರು ಕಮ್ಮಿ. ‘ಯಾರ್ದು ನಾಟಕ?’ ಅಂತಾರೆ. ಬರೆದ ಕವಿ ಯಾರು ಅನ್ನೋ ಕುತೂಹಲ ಅಲ್ಲ ಅದು. ನಿಮ್ಮ ಪೈಕಿ ಯಾರು ಪಾರ್ಟು ಹಾಕಿದ್ದಾರೆ ಅಂತ. ಭಾವಮೈದ ಭೀಮ ಆಗಿರಬೇಕು, ಷಡ್ಡಕ ಶಕುನಿ ಆಗಿರಬೇಕು, ಏನೂ ಇಲ್ಲದಿದ್ದರೆ ಹಾಲಿನ ಡೇರಿಯ ಸೆಕ್ರೆಟರಿಯಾದರೂ ಸಹದೇವನಾಗಿರಬೇಕು. ಇಂಥದೊಂದು ಎಳೆ ಇಲ್ಲದೆ ರಾತ್ರಿಯಿಡೀ ನಿದ್ದೆಗೆಡೋದಕ್ಕೆ ಏನು ಹುಚ್ಚೇ?

ನಮ್ಮ ಮನೆಗೆ ಆ ತೊಂದರೆ ಇಲ್ಲ. ನಮ್ಮ ಚಿಕ್ಕಪ್ಪ ದುರ್ಯೋಧನ. ನನಗೆ ಬುದ್ಧಿ ಬಂದಾಗಿನಿಂದ ದುರ್ಯೋಧನ. ಊರಹಬ್ಬಕ್ಕೆ ‘ಕುರುಕ್ಷೇತ್ರ’ ಇಟ್ಟರೆ ಆ ಪಾರ್ಟಿಗೆ ಇನ್ನೊಬ್ಬರ ಹೆಸರು ಎತ್ತೋ ಹಾಗಿಲ್ಲ. ಪೇಟೆಯಲ್ಲಿ ಪಾರ್ಟು ಹಾಕಿದವರಿಗೆ ದುಡ್ಡು ಕೊಡ್ತಾರಂತೆ. ನಮ್ಮಲ್ಲಿ ಪಾರ್ಟು ಹಾಕುವವರೇ ಕೊಡಬೇಕು. ಕೃಷ್ಣ, ದುರ್ಯೋಧನ ಮೇಲಿನ ರೇಟು. ಕರ್ಣ, ಭೀಮ, ಅರ್ಜುನ ಅದರ ಕೆಳಗೆ. ನಕುಲ, ಸಹದೇವ, ವಿಕರ್ಣ ಬಡವರ ಕೈಗೂ ಎಟಕುತ್ತವೆ. ಆ ದುಡ್ಡಲ್ಲಿ ಸೀನರಿ, ಮೈಕ್‌ಸೆಟ್ಟು, ಡ್ರೆಸ್ಸು, ತಿಂಗಳುಗಟ್ಟಲೆ ರಾತ್ರಿ ಹೊತ್ತು ಶಾಲೆಯ ಜಗಲಿಯ ಮೇಲೆ ಹಾರ್ಮೋನಿಯಂ ಒತ್ತಿ ಕಲಿಸುವ ಮೇಷ್ಟ್ರ ಸಂಬಳ, ಎಲ್ಲ ನಡೀಬೇಕು. ದ್ರೌಪದಿ, ಸುಭದ್ರೆ, ಉತ್ತರೆಯರು ಮಾತ್ರ ಬಾಡಿಗೆಗೆ ಬರುವ ಕಲಾವಿದೆಯರು. ಸಾಯಂಕಾಲದ ಬಸ್ಸಿಗೆ ಬಂದು ಇಳಿದು, ಟೀ ಕುಡಿದು, ಮುಖಕ್ಕೆ ಬಣ್ಣ ಹಚ್ಚಿಕೊಂಡು ನಿಂತರೆ ಇಡೀ ನಾಟಕ ಅವರ ಬಾಯಲ್ಲಿರುತ್ತೆ. ನಮ್ಮ ಭೀಮ ಮಾತು ಮರೆತಾಗ ದ್ರೌಪದಿಯೇ ಸೆರಗಿನ ಮರೆಯಲ್ಲಿ ಹೇಳಿಕೊಟ್ಟು, ಆಮೇಲೆ ಅದೇ ಮಾತಿಗೆ ಗಾಬರಿ ಬಿದ್ದಂತೆ ನಟಿಸಿದ್ದನ್ನು ನಾನೇ ನೋಡಿದ್ದೇನೆ. ಚಿಕ್ಕಪ್ಪ ಒಂದು ವರ್ಷ ಸೀಮೆಹಸು ಮಾರಿ ದುರ್ಯೋಧನನಾದರು. ಚಿಕ್ಕಮ್ಮ ಅವತ್ತಿನಿಂದ ಆ ಹಸುವಿನ ವಿಷಯ ಬಂದಾಗಲೆಲ್ಲ ‘ಅದನ್ನ ಕೌರವರು ಹೊಡಕೊಂಡು ಹೋದರು’ ಅಂತಾರೆ.

ಹೊರಗಿನವರು ‘ಕುರುಕ್ಷೇತ್ರ’ವನ್ನು ಪೌರಾಣಿಕ ನಾಟಕ ಅಂದುಕೊಳ್ಳುತ್ತಾರೆ. ಗುಬ್ಬಿ ವೀರಣ್ಣನವರು ಅದನ್ನು ಆಡಿದಾಗ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ಹತ್ತಿಸಿದರು ಅಂತ ನಮ್ಮ ಹಿರಿಯರು ಕಣ್ಣರಳಿಸಿ ಹೇಳೋರು. ನಮಗೆ ಆನೆ ಕುದುರೆ ಬೇಕಾಗಿಲ್ಲ. ನಮಗೆ ಅದು ಅಣ್ಣತಮ್ಮಂದಿರ ಭಾಗದ ವ್ಯಾಜ್ಯ. ಅದರಲ್ಲೂ 2008ರಲ್ಲಿ ದೇವನಹಳ್ಳಿಗೆ ವಿಮಾನ ನಿಲ್ದಾಣ ಬಂದು, ರಾಗಿ ಬೆಳೆಯೋ ನೆಲ ಅಡಿ ಲೆಕ್ಕದಲ್ಲಿ ಮಾರಾಟಕ್ಕೆ ನಿಂತ ಮೇಲೆ, ಸೂಜಿಮೊನೆಯಷ್ಟು ಜಾಗವನ್ನೂ ಕೊಡೆನೆಂದ ದುರ್ಯೋಧನನ ಹಟ ನಮ್ಮವರಿಗೆ ಸುಲಭವಾಗಿ ಅರ್ಥವಾಗುತ್ತೆ. ಸೂಜಿಮೊನೆಗೂ ಈಗ ಒಂದು ರೇಟಿದೆಯಲ್ಲ. ರಾಯಭಾರದ ಸೀನಿನಲ್ಲಿ ಕೃಷ್ಣ ಐದೇ ಊರು ಕೇಳಿದಾಗ ನನ್ನ ಹಿಂದೆ ಚಾಪೆ ಮೇಲೆ ಕೂತಿದ್ದವನೊಬ್ಬ ‘ಯಾವ ಹೋಬಳಿ?’ ಅಂದಿದ್ದ.

ಒಂದು ಅನುಮಾನ ಮಾತ್ರ ನನಗೆ ಯಾವಾಗಲೂ ಉಳಿದುಬಿಡುತ್ತೆ. ನೂರು ಜನ ಕೌರವರಿಗೆ ದುಶ್ಶಲೆ ಅಂತ ಒಬ್ಬಳು ತಂಗಿ ಇದ್ದಳಷ್ಟೆ? ಹೆಣ್ಣುಮಕ್ಕಳಿಗೂ ಸಮಪಾಲು ಅಂತ ನಮ್ಮ ಕರ್ನಾಟಕದಲ್ಲಿ 1994ರಲ್ಲೇ ತಿದ್ದುಪಡಿ ಬಂತು. 2005ರಲ್ಲಿ ದೇಶಕ್ಕೆಲ್ಲ ಬಂತು. ಆಗಿನಿಂದ ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಗಳ ಮುಂದೆ ಅಕ್ಕತಂಗಿಯರಿಗೆ ಹೊಸ ಸೀರೆ ಉಡಿಸಿ, ಎಳನೀರು ಕುಡಿಸಿ, ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಅಣ್ಣಂದಿರು ಸಾಲುಗಟ್ಟಿ ನಿಂತಿರುತ್ತಾರೆ. ದುಶ್ಶಲೆಯ ಸಹಿ ಯಾರಾದರೂ ಕೇಳಿದರಾ? ಒಂದು ಸಲ ಹಾರ್ಮೋನಿಯಂ ಮೇಷ್ಟ್ರನ್ನೇ ಕೇಳಿದೆ. ಅವರು ಎಲೆಅಡಿಕೆ ಉಗಿದು ಬಂದು, ‘ಆ ಪಾರ್ಟಿಗೆ ದುಡ್ಡು ಹಾಕೋರು ಸಿಗಲ್ಲ ಸ್ವಾಮಿ’ ಅಂದರು.

ಇನ್ನು ಪ್ರೀತಿ. ಕುರುಕ್ಷೇತ್ರದಲ್ಲಿ ಅದಕ್ಕೆ ಇರೋದು ಒಂದೇ ಜಾಗ: ಅಭಿಮನ್ಯು ಚಕ್ರವ್ಯೂಹಕ್ಕೆ ಹೊರಡುವ ಮುಂಚೆ ಉತ್ತರೆಯ ಜೊತೆ ಹಾಡೋ ಹಾಡು. ಅದೂ ಪೂರ್ತಿ ಆಗಲ್ಲ. ಅಭಿಮನ್ಯು ಪಾರ್ಟಿನವನು ಸಾಮಾನ್ಯವಾಗಿ ಊರಿನ ಚೆಲುವ ಹುಡುಗ. ಅವನ ಸೋದರಮಾವಂದಿರು ಸರಿಯಾಗಿ ಆ ಹಾಡಿನ ಮಧ್ಯದಲ್ಲೇ ಸ್ಟೇಜು ಹತ್ತುತ್ತಾರೆ. ಹಾರ ಹಾಕಿ, ಶಾಲು ಹೊದಿಸಿ, ಎದೆಗೆ ನೋಟು ಚುಚ್ಚುತ್ತಾರೆ. ಮೈಕಿನಲ್ಲಿ ಕೊಟ್ಟವರ ಹೆಸರು, ತಂದೆಯ ಹೆಸರು, ಊರು, ಹಿಂದೆ ಗ್ರಾಮ ಪಂಚಾಯ್ತಿ ಮೆಂಬರಾಗಿದ್ದರೆ ಅದೂ. ಅಷ್ಟು ಹೊತ್ತೂ ಉತ್ತರೆ ಗಂಡನ ಭುಜದ ಮೇಲೆ ಕೈಯಿಟ್ಟುಕೊಂಡೇ ನಿಂತಿರಬೇಕು, ಮುಖದಲ್ಲಿ ವಿರಹ ಕೆಡದ ಹಾಗೆ. ಆಕೆಗೆ ಪ್ರಶಸ್ತಿ ಕೊಡಬೇಕಾದ್ದು ಅದಕ್ಕೆ.

ಹೀಗೆ ಬೆಳೆದವರು ನಾವು, ಮನೆಮಂದಿಯೆಲ್ಲ ಕೂಡಿ ಒಂದು ಪ್ರೇಮದ ನಾಟಕಕ್ಕೆ ಹೋದೆವು. 2013ರ ಮಾತು. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಬೆಂಗಳೂರಿನ ಮಲ್ಲತ್ತಹಳ್ಳಿಯ ಕಲಾಗ್ರಾಮದಲ್ಲಿ ರಾತ್ರಿಯಿಡೀ ಆಡುತ್ತಿದ್ದರು. ಕಾದಂಬರಿ ಬಂದಿದ್ದು 1967ರಲ್ಲಿ. ಕೆ.ವೈ. ನಾರಾಯಣಸ್ವಾಮಿ ಅದನ್ನು ರಂಗಕ್ಕೆ ತಿದ್ದಿದ್ದರು, ಸಿ. ಬಸವಲಿಂಗಯ್ಯನವರ ನಿರ್ದೇಶನ, ಹಂಸಲೇಖರ ಸಂಗೀತ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಶುರುವಾಗಿ ಹೆಸರು ಮಾಡಿ ಬಂದಿತ್ತು. ನಮಗೆ ಮಾತ್ರ ಹೊಸದು. ಹತ್ತಿರ ಹತ್ತಿರ ಒಂಬತ್ತು ಗಂಟೆಯ ನಾಟಕ.

ಪೇಟೆಯ ಸ್ನೇಹಿತರು ‘ಒಂಬತ್ತು ಗಂಟೆನಾ!’ ಅಂತ ಬಾಯಿ ಬಿಟ್ಟರು. ನಮ್ಮನೆಯಲ್ಲಿ ಅದನ್ನು ಕೇಳಿ ಸಮಾಧಾನವಾಯಿತು. ಬೆಳಗಾಗುವವರೆಗೂ ಆಡದೇ ಇರೋದು ಎಂಥ ನಾಟಕ, ನಡುರಾತ್ರಿ ಬಿಟ್ಟರೆ ಬಸ್ಸೆಲ್ಲಿರುತ್ತೆ? ನನಗೆ ಇನ್ನೊಂದು ಲೆಕ್ಕವೂ ಇತ್ತು. ಅದಕ್ಕೂ ಮುಂಚೆ ಒಂದು ಸಲ ಹೆಂಡತಿಯನ್ನು ಕರಕೊಂಡು ಬೆಂಗಳೂರಿನ ಒಂದು ರಂಗಮಂದಿರಕ್ಕೆ ಹೋಗಿದ್ದೆ. ಹೆಸರು ಬೇಡ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನಮ್ಮ ಬಸ್ಸು ಧ್ಯಾನಕ್ಕೆ ಕೂತುಬಿಟ್ಟಿತು. ನಾವು ಓಡೋಡಿ ಬಾಗಿಲಿಗೆ ಹೋಗೋ ಹೊತ್ತಿಗೆ ಅದು ಮುಚ್ಚಿತ್ತು. ನಾಟಕ ಶುರುವಾದ ಮೇಲೆ ದೇವೇಂದ್ರ ಬಂದರೂ ಬಿಡಲ್ಲವಂತೆ. ದೇವೇಂದ್ರನಿಗೇನು, ಐರಾವತ ಇದೆ. ಬಾಗಿಲ ಸಂದಿನಿಂದ ಪ್ರೇಕ್ಷಕರು ನಗೋದು ಕೇಳುತ್ತಿತ್ತು. ಯಾವುದಕ್ಕೆ ನಗ್ತಿದ್ದಾರೆ ಅಂತ ಊಹೆ ಮಾಡಿಕೊಂಡು ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿದು ಬಂದೆವು. ಒಂಬತ್ತು ಗಂಟೆಯ ನಾಟಕಕ್ಕೆ ಎಷ್ಟು ತಡವಾಗಿ ಹೋದರೂ ಅದು ಇನ್ನೂ ನಡೀತಾನೇ ಇರುತ್ತೆ. ದೊಡ್ಡಬಳ್ಳಾಪುರದವರಿಗೆ ಹೇಳಿ ಮಾಡಿಸಿದ್ದು.

ಹೆಂಡತಿ ವಿಷಯ ತೆಗೆದಾಗ ಅತ್ತೆ (ಅಂದರೆ ಅವಳ ತಾಯಿ) ಅದೇ ಪ್ರಶ್ನೆ ಕೇಳಿದರು, ‘ಯಾರ್ದೇ ನಾಟಕ?’

‘ಕುವೆಂಪು ಅವರದು.’

‘ನಮಗೇನಾಗಬೇಕು?’

ಚಿಕ್ಕಪ್ಪ ‘ಪುಟ್ಟಪ್ಪನೋರಮ್ಮ, ರಾಮಾಯಣ ಬರೆದಿಲ್ಲವೇ?’ ಅಂದದ್ದಕ್ಕೆ ಅತ್ತೆ ಒಪ್ಪಿದರು. ರಾಮಾಯಣ ಬರೆದವರ ಬೇರೆ ನಾಟಕದಲ್ಲಿ ಅಂಥದ್ದೇನೂ ಇರಲಾರದು ಅಂತ. ಓಡಿಹೋಗೋ ಹುಡುಗಿಯರ ಸುದ್ದಿ ನಾವೂ ಎತ್ತಲಿಲ್ಲ. ಅತ್ತೆಯ ಸ್ವಂತ ತಂಗಿಯ ಮಗಳು ತನಗೆ ಬೇಕಾದವನನ್ನು ಮದುವೆಯಾಗಿ ಹೊಸಕೋಟೆ ಸೇರಿದ್ದಳು. ಅಂದಿನಿಂದ ಅತ್ತೆ ಹೊಸಕೋಟೆ ದಿಕ್ಕಿನ ಬಸ್ಸನ್ನೂ ಕಣ್ಣೆತ್ತಿ ನೋಡುತ್ತಿರಲಿಲ್ಲ.

ಟೆಂಪೋ ಟ್ರಾವೆಲರ್ ಗೊತ್ತು ಮಾಡಿದೆವು. ಚಾಪೆ, ಕಂಬಳಿ, ಒಂದು ಡಬ್ಬಿ ಪುಳಿಯೋಗರೆ, ಹುರಿದ ಕಳ್ಳೆಕಾಯಿ, ಫ್ಲಾಸ್ಕು, ಅತ್ತೆಯ ಮಂಡಿನೋವಿನ ಎಣ್ಣೆ. ಇಷ್ಟೆಲ್ಲ ಹತ್ತಿಸೋದನ್ನು ನೋಡಿದ ಡ್ರೈವರು ‘ಹೆಣ್ಣಿನ ಕಡೆಯೋರಾ, ಗಂಡಿನ ಕಡೆಯೋರಾ?’ ಅಂದ. ಚಿಕ್ಕಪ್ಪ ಮುಂದಿನ ಸೀಟಿನಲ್ಲಿ ಸಿಂಹಾಸನಾರೂಢರಾಗುತ್ತ ‘ಮದುಮಗಳ ಕಡೆಯೋರು ಕಣಯ್ಯ, ನಡಿ’ ಅಂದರು. ಛತ್ರ ಎಲ್ಲಿ ಅಂತ ಅವನು ನೆಲಮಂಗಲದವರೆಗೂ ಕೇಳುತ್ತಲೇ ಇದ್ದ.

ಅವತ್ತು ಶನಿವಾರ. ನೆಲಮಂಗಲದ ದಾರಿಯಲ್ಲಿ ಮಧುರೆಯ ಶನಿಮಹಾತ್ಮನ ಗುಡಿ ಸಿಗುತ್ತೆ. ಶನಿವಾರ ಆ ದಾರಿಯಲ್ಲಿ ಹೋಗುತ್ತ ಇಳಿಯದೆ ಹೋಗೋ ಧೈರ್ಯ ನಮ್ಮಲ್ಲಿ ಯಾರಿಗಿದೆ? ಎಳ್ಳಿನ ದೀಪ ಹಚ್ಚೋ ಜನ ರಸ್ತೆವರೆಗೂ ಇದ್ದರು. ನಮ್ಮೂರುಗಳಲ್ಲಿ ಕುರುಕ್ಷೇತ್ರ ಬಿಟ್ಟರೆ ಹೆಚ್ಚು ಆಡೋದು ಶನಿಪ್ರಭಾವದ ನಾಟಕವನ್ನೇ. ರಾಜಾ ವಿಕ್ರಮನನ್ನು ಗಾಣ ತಿರುಗಿಸಲು ಹಚ್ಚಿದ ದೇವರಿಗೆ ನಮ್ಮ ಟೆಂಪೋದ ಟಯರು ಯಾವ ಲೆಕ್ಕ ಅಂತ ಅತ್ತೆ. ಅಂತೂ ಕೈಮುಗಿದು, ತುಮಕೂರು ರಸ್ತೆ ಹಿಡಿದು, ಗೊರಗುಂಟೆಪಾಳ್ಯದಲ್ಲಿ ಇನ್ನೊಂದಷ್ಟು ತಪಸ್ಸು ಮಾಡಿ, ಕಲಾಗ್ರಾಮ ಮುಟ್ಟಿದಾಗ ಜೋಗಿಗಳ ಹಾಡು ಆಗಲೇ ಶುರುವಾಗಿತ್ತು.

ಆ ನಾಟಕದ ಕಥೆಯನ್ನು ಎತ್ತಿಕೊಂಡು ಹೋಗೋರು ಜೋಗಿಗಳು, ಹೆಳವರು. ಅತ್ತೆ ಹೆಳವರನ್ನು ಕಂಡದ್ದೇ ನೆಟ್ಟಗೆ ಕೂತರು. ಅವರ ತವರಿಗೆ ವರ್ಷಕ್ಕೊಮ್ಮೆ ಎತ್ತಿನ ಮೇಲೆ ಹೆಳವನೊಬ್ಬ ಬರುತ್ತಿದ್ದನಂತೆ. ಹಿತ್ತಿಲ ಬಾಗಿಲವರೆಗೂ ಕೇಳೋ ಹಾಗೆ ಏಳು ತಲೆಮಾರಿನ ಹೆಸರು ಒಪ್ಪಿಸಿ, ಮೊರದ ತುಂಬ ರಾಗಿ ತಗೊಂಡು ಹೋಗುತ್ತಿದ್ದನಂತೆ. ‘ಒಂದು ಹೆಣ್ಣಿನ ಹೆಸರು ಹೇಳಿದ್ದನ್ನ ನಾ ಕೇಳಲಿಲ್ಲ ನೋಡು’ ಅಂತಲೂ ಸೇರಿಸಿದರು. ಇಲ್ಲಿನ ಹೆಳವರು ಹೇಳೋದೆಲ್ಲ ಹೆಣ್ಣಿನ ಕಥೆಯೇ.

ಮಲೆನಾಡಿನ ನಾಲ್ಕಾರು ಮನೆಗಳು: ಸಿಂಬಾವಿ, ಬೆಟ್ಟಳ್ಳಿ, ಹೂವಳ್ಳಿ, ಕೋಣೂರು. ಯಾವ ಮನೆಯ ಯಾರು, ಯಾರ ಜೀತದಾಳು ಯಾರು, ಯಾರಿಗೆ ಯಾರು ಬೇಕು, ಯಾರನ್ನು ಯಾರಿಗೆ ಕೊಡಬೇಕಂತ ಯಾರು ಗೊತ್ತು ಮಾಡಿದ್ದಾರೆ. ನನ್ನ ಹೆಂಡತಿ ಕಾದಂಬರಿಯನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು, ಬಸ್ಸಿನ ಟಿಕೆಟ್ಟನ್ನು ಗುರುತಿಗಿಟ್ಟು ಅರ್ಧಕ್ಕೆ ನಿಲ್ಲಿಸಿದ್ದಳು, ಇಷ್ಟೊಂದು ಜನ ನೆನಪಿರಲ್ಲ ಅಂತ. ಒಂದಕ್ಷರ ಓದಿಲ್ಲದ ಅತ್ತೆ ಮೊದಲನೇ ರಂಗ ಮುಗಿಯೋದರೊಳಗೆ ಬೆರಳು ಮಡಿಚಿ ಎಲ್ಲರನ್ನೂ ಅವರವರ ಮನೆಗೆ ಸೇರಿಸಿ ಆಗಿತ್ತು. ‘ಕೋಣೂರಿನ ಆ ಹುಡುಗ ಇದಾನಲ್ಲ ಮುಕುಂದಯ್ಯ, ಅವನಿಗೆ ಹೂವಳ್ಳಿ ಚಿನ್ನಮ್ಮ ಆಗಬೇಕು. ಆದರೆ ಅವಳಪ್ಪ ವೆಂಕಟಣ್ಣ ಸಿಂಬಾವಿ ಹೆಗ್ಗಡೆಗೆ ಎರಡನೇ ಸಂಬಂಧಕ್ಕೆ ಕೊಡ್ತಾನೆ. ಸಾಲ ಇರಬೇಕು’ ಅಂದರು. ವಿಮರ್ಶಕರು ಪುಟಗಟ್ಟಲೆ ಬರೆಯೋದನ್ನು ಆಕೆ ‘ಸಾಲ ಇರಬೇಕು’ ಅನ್ನೋ ಎರಡು ಮಾತಿನಲ್ಲಿ ಮುಗಿಸಿದರು.

ಈ ನಾಟಕ ಒಂದೇ ಕಡೆ ಆಡೋದಲ್ಲ. ಬಯಲಲ್ಲಿ ನಾಲ್ಕು ಕಡೆ ರಂಗ. ಒಂದಷ್ಟು ಹೊತ್ತು ಒಂದು ಕಡೆ ನೋಡಿ, ಪ್ರೇಕ್ಷಕರೆಲ್ಲ ಎದ್ದು, ಚಾಪೆ ಕಂಬಳಿ ಹೊತ್ತು, ಕತ್ತಲಲ್ಲಿ ಇನ್ನೊಂದು ಕಡೆಗೆ ಗುಳೆ ಹೋಗಬೇಕು. ಗದ್ದಲದಲ್ಲಿ ನಾನು ಹೆಂಡತಿಯ ಕಂಬಳಿಯನ್ನೇ ಕಣ್ಣಲ್ಲಿಟ್ಟುಕೊಂಡು ನಡೆದೆ. ಕೆಂಪು ಚೌಕಳಿಯ ಕಂಬಳಿ. ಯಾರದೋ ಗೃಹಪ್ರವೇಶದಲ್ಲಿ ಕೊಟ್ಟದ್ದು. ಆ ವರ್ಷ ಕರ್ನಾಟಕದ ಗೃಹಪ್ರವೇಶಗಳಲ್ಲೆಲ್ಲ ಅದೇ ಕಂಬಳಿ ಕೊಟ್ಟಿದ್ದಾರೆ ಅನ್ನೋದು ನನಗೇನು ಗೊತ್ತು? ಕೂತೆ. ಪಕ್ಕದ ಅಜ್ಜಿ ರಂಗದಿಂದ ಕಣ್ಣು ಕೀಳದೆ ನನ್ನ ಕೈಗೆ ಎರಡು ಕೋಡುಬಳೆ ಇಟ್ಟು, ‘ಆ ನಾಗತ್ತೇನ ನಂಬಬೇಡ, ಸೊಸೇನ ಮಾರ್ತಾಳೆ ಅವಳು’ ಅಂದರು. ದನಿ ನಮ್ಮ ಅತ್ತೆಯದಲ್ಲ. ನೋಡಿದರೆ ಸುತ್ತಲೂ ಗುರುತಿಲ್ಲದ ಒಂದು ಕುಟುಂಬ.

ಎದ್ದೇಳೋ ಹಾಗಿಲ್ಲ, ಹಿಂದಿನವರು ಬಯ್ಯುತ್ತಾರೆ. ಕೋಡುಬಳೆ ಬೇರೆ ಬಾಯಲ್ಲಿದೆ. ಅಜ್ಜಿಗೂ ಗೊತ್ತಾಯಿತು. ಆಕೆ ಬೆಚ್ಚಿಬೀಳಲಿಲ್ಲ, ತಗ್ಗಿದ ದನಿಯಲ್ಲಿ ‘ಯಾವೂರಪ್ಪ? ಯಾರ ಪೈಕಿ?’ ಅಂದರು. ದೊಡ್ಡಬಳ್ಳಾಪುರ ಅಂದೆ. ರಂಗದ ಮೇಲೆ ಆ ಸೊಸೆ ನಾಗಕ್ಕ ಅಳುತ್ತಿದ್ದಳು. ಅಳು ಮುಗಿಯೋದರೊಳಗೆ ಅಜ್ಜಿಯ ಅಣ್ಣನ ಸೊಸೆಯ ತವರು ನಮ್ಮ ಪಕ್ಕದ ಹಳ್ಳಿ ಅಂತಾಯಿತು, ಆ ಮನೆಯ ಕಿರಿಯವನು ನನ್ನ ಜೊತೆ ಹೈಸ್ಕೂಲು ಓದಿದವನು ಅಂತಾಯಿತು. ‘ಹಂಗಾದ್ರೆ ನಮ್ಮೋನೇ. ಇನ್ನೊಂದು ತಗೋ’ ಅಂದರು. ಮುಂದಿನ ಗುಳೆಯವರೆಗೂ ನಾನು ಆ ಮನೆಯವನಾಗಿಯೇ ನಾಟಕ ನೋಡಿದೆ. ಕಾಫಿಯೂ ಸಿಕ್ಕಿತು, ನಮ್ಮ ಫ್ಲಾಸ್ಕಿನದಕ್ಕಿಂತ ಒಳ್ಳೆಯದು. ಕೊನೆಗೆ ಹುಡುಕಿಕೊಂಡು ನಮ್ಮವರ ಚಾಪೆಗೆ ಹೋದರೆ ಹೆಂಡತಿ ‘ಸ್ವಲ್ಪ ಆ ಕಡೆ ಸರೀರಿ, ಕಾಣಲ್ಲ’ ಅಂದಳೇ ಹೊರತು ನಾನು ಇರಲಿಲ್ಲ ಅನ್ನೋದು ಯಾರ ಗಮನಕ್ಕೂ ಬಂದಂತಿರಲಿಲ್ಲ.

ಅವಳು ನೇಕಾರರ ಬೀದಿಯವಳು. ಪವರ್‌ಲೂಮು ಹಗಲೂ ರಾತ್ರಿ ಕಟಕಟ ಅನ್ನೋ ಮನೆಯಲ್ಲಿ ತೊಟ್ಟಿಲಿಂದ ಬೆಳೆದವಳು. ಸದ್ದಿದ್ದರೆ ನಿದ್ದೆ, ಕರೆಂಟು ಹೋಗಿ ಮಗ್ಗ ನಿಂತರೆ ಎಚ್ಚರ. ನಾಟಕದಲ್ಲೂ ಹಾಗೇ ಆಯಿತು. ಹಂಸಲೇಖರ ತಮಟೆ ಡೋಲುಗಳು ಬಯಲನ್ನೆಲ್ಲ ನಡುಗಿಸುವಾಗ ಇವಳು ನನ್ನ ತೋಳಿಗೊರಗಿ ಹಾಯಾಗಿ ನಿದ್ದೆಹೋದಳು. ರಂಗದ ಮೇಲೆ ಇಬ್ಬರೇ ನಿಂತು ಪಿಸುಗುಟ್ಟುತ್ತಾರಲ್ಲ, ಆಗ ಥಟ್ಟನೆ ಕಣ್ಣು ಬಿಟ್ಟಳು. ಲೆಕ್ಕ ಹಾಕಿದರೆ ಅವಳು ಯುದ್ಧ, ಜಗಳ, ದೆವ್ವ ಯಾವುದನ್ನೂ ನೋಡದೆ ಬರೀ ಪ್ರೀತಿಯ ಸೀನುಗಳನ್ನು ಮಾತ್ರ ನೋಡಿದ್ದಾಳೆ.

ಅಂಥ ಸೀನುಗಳು ಎಷ್ಟಿದ್ದವು! ಅದೂ ರಾಜರಾಣಿಯರವಲ್ಲ. ಸಿಂಬಾವಿಯ ಜೀತದಾಳು ಗುತ್ತಿ, ಹೊಲಗೇರಿಯವನು, ಹುಲಿಯ ಅನ್ನೋ ನಾಯಿಯನ್ನು ಬೆನ್ನಿಗಿಟ್ಟುಕೊಂಡು, ಬೆಟ್ಟಳ್ಳಿಯಲ್ಲಿ ಇನ್ನೊಬ್ಬನಿಗೆ ಗೊತ್ತು ಮಾಡಿದ್ದ ತಿಮ್ಮಿಯನ್ನು ಹಾರಿಸಿಕೊಂಡು ಹೋಗುತ್ತಾನೆ. ಐತ, ಪೀಂಚಲು ಅಂತ ಇನ್ನೊಂದು ಜೋಡಿ, ಅವರು ಗಂಡಹೆಂಡಿರು. ಮದುವೆಯಾದ ಮೇಲೂ ಪ್ರೀತಿಸೋ ಗಂಡಹೆಂಡಿರನ್ನು ರಂಗದ ಮೇಲೆ ತೋರಿಸೋದು ಅಪರೂಪ, ನೋಡೋದಕ್ಕೂ ಒಂಥರಾ ಮುಜುಗರ. ನಾನೂ ಹೆಂಡತಿಯೂ ಆ ಹೊತ್ತಿನಲ್ಲಿ ಬೇರೆಬೇರೆ ದಿಕ್ಕಿಗೆ ನೋಡುತ್ತ ಕಳ್ಳೆಕಾಯಿ ಸುಲಿದೆವು.

ಚಿಕ್ಕಪ್ಪನಿಗೆ ಮೊದಮೊದಲು ಇದು ರುಚಿಸಲಿಲ್ಲ. ‘ಕಿರೀಟ ಇಟ್ಕೊಂಡೋನು ಒಬ್ಬನೂ ಇಲ್ವಲ್ಲೋ?’ ಅಂದರು. ಸೀಮೆಹಸು ಮಾರಿ ರಾಜನಾಗೋ ಊರಿನವರು ಅವರು. ಜೀತದವನ ಪಾರ್ಟಿಗೆ ಯಾರಾದರೂ ದುಡ್ಡು ಕೊಟ್ಟು ನಿಲ್ಲುತ್ತಾರಾ ಅನ್ನೋದು ಅವರ ಪ್ರಶ್ನೆ. ಹಗಲೆಲ್ಲ ರಾಗಿ ಹೊಲದಲ್ಲಿ ಆಳಾಗಿ ದುಡಿದವರು ರಾತ್ರಿ ಆದರೂ ಆಳಾಗಬೇಕೇ? ನನಗೆ ಉತ್ತರ ಹೊಳೆಯಲಿಲ್ಲ, ಈಗಲೂ ಹೊಳೆದಿಲ್ಲ. ನಡುರಾತ್ರಿ ದಾಟಿದ ಮೇಲೆ ಮಾತ್ರ ಗುತ್ತಿ ಬಂದಾಗಲೆಲ್ಲ ಚಿಕ್ಕಪ್ಪ ಕೂತಲ್ಲೇ ಭುಜ ಕುಣಿಸತೊಡಗಿದ್ದನ್ನು ಕಂಡೆ. ಗದೆ ಹಿಡಿದ ಭುಜ, ಸುಮ್ಮನಿರಲ್ಲ.

ಕಾದಂಬರಿಯಲ್ಲಿ ಪಾದ್ರಿಯೊಬ್ಬ ಬೈಸಿಕಲ್ಲು ತರುತ್ತಾನೆ. ಕಾಲ 1890ರ ಸುಮಾರು. ಮಲೆನಾಡಿನವರು ಅದನ್ನು ನೋಡಿ ತಬ್ಬಿಬ್ಬಾಗೋದು ಓದಿದರೆ ನಗು ಬರುತ್ತೆ. ನಾನೂ ನಕ್ಕಿದ್ದೆ. ರಂಗದ ಮೇಲೆ ಅದು ಬಂದಾಗ ಅತ್ತೆ ನಗಲಿಲ್ಲ. ದೇವನಹಳ್ಳಿ ಹತ್ತಿರದ ಅವರ ಅಣ್ಣನ ಹೊಲದ ಮೇಲೆ ಮೊದಲ ವಿಮಾನ ಇಳಿಯಲು ತಗ್ಗಿ ಬಂದಾಗ ಅತ್ತೆ ಅಲ್ಲೇ ಹುರುಳಿ ಕೀಳುತ್ತಿದ್ದರು. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಅತ್ತೆ ಎಮ್ಮೆಯನ್ನು ಹಿಡಿಯಲು ಓಡಿದರೋ ತಾವೇ ಓಡಿದರೋ ಅನ್ನೋದು ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಚಿನ್ನಮ್ಮನ ಮದುವೆಯ ಹಿಂದಿನ ರಾತ್ರಿ ಬಂತು. ಮನೆ ತುಂಬ ನೆಂಟರು, ಮದುಮಗಳನ್ನು ಸಿಂಗರಿಸೋ ಗಡಿಬಿಡಿ. ಪೀಂಚಲು ಬಂದು ಕಾಯುತ್ತಾಳೆ. ಚಿನ್ನಮ್ಮ ಕತ್ತಲಲ್ಲಿ ಹಿತ್ತಿಲಿಂದ ಜಾರಿ ಹುಲಿಕಲ್ಲು ನೆತ್ತಿಯ ಕಾಡಿಗೆ ಹೋಗಬೇಕು. ಅತ್ತೆಗೆ ಮಂಡಿನೋವು ಮರೆತುಹೋಗಿತ್ತು. ಎರಡೂ ಕೈಯಲ್ಲಿ ಕಂಬಳಿಯ ಅಂಚು ಹಿಡಿದು ಮುಂದಕ್ಕೆ ಬಾಗಿ ಕೂತಿದ್ದರು. ತುಟಿ ಅಲುಗುತ್ತಿತ್ತು. ಏನೋ ಮಂತ್ರ ಅಂದುಕೊಂಡೆ. ಕಿವಿಗೊಟ್ಟು ಕೇಳಿದರೆ, ‘ಬಲಗಡೆ ಹೋಗೇ, ಬಲಗಡೆ, ಎಡಗಡೆ ಅಡುಗೆಯೋರಿದಾರೆ’ ಅಂತಿದ್ದರು. ರಂಗದಲ್ಲಿ ಅಡುಗೆಯವರು ಯಾರೂ ಇರಲಿಲ್ಲ. ಮದುವೆಮನೆ ಅಂದಮೇಲೆ ಎಡಗಡೆ ಅಡುಗೆಯವರು ಇದ್ದೇ ಇರುತ್ತಾರೆ ಅನ್ನೋದು ಆಕೆಯ ಅನುಭವ. ಹುಡುಗಿಯರಿಬ್ಬರೂ ಕತ್ತಲಿಗೆ ಓಡಿ ಮರೆಯಾದ ಮೇಲೆ ಕೂಡ ಆಕೆ ಆ ದಿಕ್ಕಿಗೇ ಕಾವಲಿಗೆ ನಿಂತವರ ಹಾಗೆ ಕಣ್ಣಿಟ್ಟಿದ್ದು, ಯಾರೂ ಬೆನ್ನಟ್ಟಲಿಲ್ಲ ಅಂತ ಖಾತ್ರಿಯಾದ ಮೇಲೇ ಒರಗಿದರು. ಆಮೇಲೆ ‘ಒಂದು ಲೋಟ ನೀರು ಕೊಡಿ’ ಅಂದರು.

ನೀರು ಅಂದಾಗ ನೆನಪಾಯಿತು. ನಾಟಕದುದ್ದಕ್ಕೂ ಮಲೆನಾಡಿನ ಮಳೆಯ ಮಾತೇ. ನಾವು ಬೋರ್‌ವೆಲ್ಲಿಗೆ ಸಾವಿರ ಅಡಿ ಇಳಿಸಿ ಧೂಳು ತೆಗೆಯೋ ಜನ. ನಂದಿಬೆಟ್ಟದಲ್ಲಿ ಹುಟ್ಟಿ ನಮ್ಮ ತಾಲ್ಲೂಕಿನ ಮೇಲೆಯೇ ಹರಿಯೋ ಅರ್ಕಾವತಿಯನ್ನು ನಾವು ನಕ್ಷೆಯಲ್ಲಿ ನೋಡಿಕೊಂಡು ಬೆಳೆದವರು. ಚಿನ್ನಮ್ಮ ಹುಲಿಕಲ್ಲು ನೆತ್ತಿ ಹತ್ತಿದ ಆ 1890ರ ದಶಕದಲ್ಲೇ ಹೆಸರಘಟ್ಟದಿಂದ ಅರ್ಕಾವತಿಯ ನೀರು ಕೊಳವೆಯಲ್ಲಿ ಬೆಂಗಳೂರಿಗೆ ಹರಿಯಿತಂತೆ. ಮದುವೆ ಮಾಡಿ ಕಳಿಸಿದ ಮೇಲೆ ಅರ್ಕಾವತಿ ತವರಿಗೆ ಬಂದಿದ್ದೇ ಕಮ್ಮಿ. ಕೊನೆಗೆ ಗುತ್ತಿ, ತಿಮ್ಮಿ ಉಕ್ಕಿದ ತುಂಗೆಯನ್ನು ದಾಟುವಾಗ, ಅವರ ಹಿಂದೆಯೇ ನೀರಿಗೆ ಬಿದ್ದ ಹುಲಿಯ ಕೊಚ್ಚಿಕೊಂಡು ಹೋಗುತ್ತಾನೆ. ಸುತ್ತಮುತ್ತ ಮೂಗು ಸೆಳೆಯೋ ಸದ್ದು. ನನಗೂ ಗಂಟಲು ಕಟ್ಟಿತ್ತು. ಚಿಕ್ಕಪ್ಪ ಮಾತ್ರ ಬಹಳ ಹೊತ್ತು ಸುಮ್ಮನಿದ್ದು, ನಿಟ್ಟುಸಿರು ಬಿಟ್ಟು, ‘ಎಷ್ಟು ನೀರೋ!’ ಅಂದರು.

ಬೆಳಗಾಯಿತು. ಕಣ್ಣು ಉರಿ, ಸೊಂಟ ನೋವು, ಹೊಟ್ಟೆ ಖಾಲಿ. ಒಳ್ಳೆಯ ನಾಟಕ ನೋಡಿದ್ದಕ್ಕೆ ಇವೇ ಗುರುತು ನಮ್ಮಲ್ಲಿ. ಕಂಬಳಿಗಳನ್ನು ಎಣಿಸಿಕೊಂಡೆವು, ಒಂದು ಹೆಚ್ಚೇ ಇತ್ತು. ನೆಲಮಂಗಲ ದಾಟೋ ಮುಂಚೆ ಒಂದು ಹೋಟೆಲಿನ ಮುಂದೆ ನಿಲ್ಲಿಸಿ ತಟ್ಟೆ ಇಡ್ಲಿಗೆ ಹೇಳಿದೆವು. ಹೆಂಡತಿ ನನ್ನನ್ನು ಮೊಣಕೈಯಲ್ಲಿ ತಿವಿದಳು. ಕೇಳು ಅಂತ. ಇಂಥ ಕೆಲಸಗಳಿಗೆ ಅಳಿಯನನ್ನೇ ಮುಂದೆ ಬಿಡೋದು ಅವರ ಮನೆತನದ ಪದ್ಧತಿ. ನಾನು ಚಟ್ನಿ ಕಲಸುತ್ತ, ‘ಅತ್ತೆ, ಚಿನ್ನಮ್ಮ ಓಡಿಹೋಗಿದ್ದು ಸರಿಯೇ ತಾನೇ?’ ಅಂದೆ.

‘ಸರಿಯಲ್ದೆ ಇನ್ನೇನು?’

‘ಹಂಗಾದ್ರೆ ಹೊಸಕೋಟೆಯವಳು...’

ಅತ್ತೆ ಇಡ್ಲಿ ಮುರಿಯೋದನ್ನು ನಿಲ್ಲಿಸಲಿಲ್ಲ. ‘ಚಿನ್ನಮ್ಮ ತಪ್ಪಿಸಿಕೊಂಡಿದ್ದು ಸವತಿ ಮನೆಯಿಂದ. ಇವಳು ತಪ್ಪಿಸಿಕೊಂಡಿದ್ದು ನಮ್ಮಿಂದ’ ಅಂದರು. ‘ನಾವೇನು ಸಿಂಬಾವಿ ಹೆಗ್ಗಡೆಗೆ ಕೊಡ್ತಿದ್ವಾ?’

ಅದಕ್ಕೆ ಯಾರು ಏನು ಹೇಳೋದು? ಕಲೆ ಮನಸ್ಸನ್ನು ತಿದ್ದುತ್ತೆ ಅಂತ ಭಾಷಣಗಳಲ್ಲಿ ಕೇಳಿದ್ದೇನೆ. ಒಂಬತ್ತು ಗಂಟೆ ಸಾಲದೇನೋ. ಚಿನ್ನಮ್ಮನ ಪಾಲಿಗೆ ರಾತ್ರಿಯೆಲ್ಲ ಕಾವಲು ಕಾದವರು ಬೆಳಗ್ಗೆ ಎದ್ದು ಚಿನ್ನಮ್ಮನ ಅಪ್ಪನ ಪಕ್ಷ ಸೇರಿಬಿಟ್ಟರು, ಅದೂ ಕೈಗೆ ಚಟ್ನಿ ತಾಕುವಷ್ಟರಲ್ಲಿ. ಆದರೆ ಆಕೆಯ ಮಾತಿನಲ್ಲಿ ಸಿಟ್ಟಿಗಿಂತ ಬೇರೇನೋ ಇತ್ತು ಅಂತ ಹೆಂಡತಿ ಆಮೇಲೆ ಹೇಳಿದಳು. ನನಗೆ ಹಾಗೇನೂ ಕೇಳಿಸಲಿಲ್ಲ. ಅಮ್ಮಂದಿರ ದನಿಯ ಒಳದನಿಗಳು ಹೆಣ್ಣುಮಕ್ಕಳಿಗಷ್ಟೇ ಕೇಳುತ್ತವೆ, ಅಳಿಯಂದಿರಿಗೆ ಬರೀ ಮಾತು.

ಈ ಮಾತುಕತೆ ಯಾವುದೂ ಚಿಕ್ಕಪ್ಪನ ಕಿವಿಗೆ ಬಿದ್ದಿರಲಿಲ್ಲ. ಅವರು ಎರಡನೇ ಪ್ಲೇಟಿಗೆ ಹೇಳಿ, ಬೆರಳಿನಿಂದ ಟೇಬಲ್ಲಿನ ಮೇಲೆ ಏನೋ ಲೆಕ್ಕ ಬರೆದು ಅಳಿಸುತ್ತಿದ್ದರು. ‘ಅಲ್ಲಯ್ಯಾ, ನಮ್ಮೂರಲ್ಲಿ ಇದನ್ನ ಇಟ್ಟರೆ ಗುತ್ತಿ ಪಾರ್ಟಿಗೆ ಎಷ್ಟು ಹಾಕಬಹುದು?’ ಅಂದರು.

‘ದುರ್ಯೋಧನನ ರೇಟೇ ಆಗುತ್ತೆ ಚಿಕ್ಕಪ್ಪ. ಮೊದಲಿಂದ ಕೊನೆತನಕ ಅವನದೇ ಓಡಾಟ.’

ಚಿಕ್ಕಪ್ಪ ಗಡ್ಡ ಕೆರೆದುಕೊಂಡರು. ‘ಕೊಡಣ. ಆದ್ರೆ ಅಷ್ಟು ದುಡ್ಡಿಗೆ ನಾಯಿನೂ ಸೇರಬೇಕು. ನಾಯಿಗೆ ಬೇರೆ ಅಂದ್ರೆ ನಾ ಒಪ್ಪಲ್ಲ ಅಂತ ಮೇಷ್ಟ್ರಿಗೆ ಈಗಲೇ ಹೇಳಿಬಿಡು.’